ವೇಲ್ಸಿನ ತೋಟದಲ್ಲಿ ಟಿಪ್ಪುವಿನ ಡೇರೆ

ಬ್ರಿಟನ್ನಿನಲ್ಲಿ ಸಂಸಾರ ಹೂಡಿದವರಿಗೆ ಬೇಸಿಗೆಯ ಶನಿವಾರ ಕಳೆಯುವ ಒಂದು ದಾರಿ ಬೇಗನೆ ರೂಢಿಯಾಗಿಬಿಡುತ್ತದೆ. ಬುತ್ತಿ ಕಟ್ಟಿಕೊಂಡು, ಬಿಸಿಲಿದ್ದರೂ ಮಳೆಯಂಗಿ ಚೀಲಕ್ಕೆ ತುರುಕಿಕೊಂಡು, ಯಾವುದಾದರೂ ಹಳೆಯ ದೊರೆಮನೆಗೆ ಹೋಗುವುದು, ಅದರ ತೋಟದಲ್ಲಿ ಅಡ್ಡಾಡುವುದು, ಕತ್ತಲಾಗುವ ಮೊದಲು ಮನೆ ಸೇರುವುದು. ಇಂಥ ನೂರಾರು ಮನೆಗಳನ್ನು ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. 1895ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಇವತ್ತು 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ವರ್ಷದ ಚಂದಾ ಕಟ್ಟಿದ ಸಂಸಾರಕ್ಕೆ ಆಮೇಲೆ ಹೋದಲ್ಲೆಲ್ಲ ಟಿಕೆಟ್ಟಿನ ಚಿಂತೆಯಿಲ್ಲ. ಒಂದು ಕಾಲಕ್ಕೆ ಆಳುಕಾಳುಗಳು ಹಿಂಬಾಗಿಲಿನಿಂದ ಮಾತ್ರ ಹೋಗಬಹುದಾಗಿದ್ದ ಮನೆಗಳಿಗೆ ಈಗ ಯಾರು ಬೇಕಾದರೂ ಮುಂಬಾಗಿಲಿನಿಂದ ಹೋಗಬಹುದು. ಈ ದೇಶದಲ್ಲಿ ನನಗೆ ಮನಸಾರೆ ಹಿಡಿಸಿದ ಸಂಗತಿಗಳಲ್ಲಿ ಇದೊಂದು.

ನೋಡಬೇಕಾದ ಮನೆಗಳು ಬೇಕಾದಷ್ಟಿವೆ. ಆದರೆ ಮೈಸೂರು, ಮಂಡ್ಯದ ಕಡೆಯಿಂದ ಯಾರೇ ಬಂದರೂ ನಾನು ಮೊದಲು ಕರೆದೊಯ್ಯುವುದು ವೇಲ್ಸಿನ ಗಡಿಯಲ್ಲಿರುವ ಪೋವಿಸ್ ಕೋಟೆಗೆ. ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಅಮ್ಮನ ತವರು ಗಂಜಾಂ. ಶ್ರೀರಂಗಪಟ್ಟಣದ ದ್ವೀಪದಲ್ಲಿ, ದರಿಯಾ ದೌಲತ್ ಬಾಗಿನ ಹತ್ತಿರ ಆಡಿ ಬೆಳೆದವಳು ಆಕೆ. ಅವಳಿಗೆ ಪೋವಿಸ್ ತೋರಿಸಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ಬರ್ಮಿಂಗ್‌ಹ್ಯಾಮಿನಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಶ್ರೂಸ್‌ಬರಿ. ಅಲ್ಲಿನ ಚೌಕದಲ್ಲಿ ರಾಬರ್ಟ್ ಕ್ಲೈವನ ಪ್ರತಿಮೆ ಇದೆ. ಪ್ಲಾಸಿ ಗೆದ್ದ ಕ್ಲೈವ್ ಈ ಊರಿನ ಪಾರ್ಲಿಮೆಂಟ್ ಸದಸ್ಯನಾಗಿದ್ದ, ಮೇಯರೂ ಆಗಿದ್ದ. ಅಲ್ಲಿಂದ ಮುಂದೆ ರಸ್ತೆಯ ಫಲಕಗಳಲ್ಲಿ ವೆಲ್ಶ್ ಭಾಷೆ ಕಾಣಿಸಿಕೊಳ್ಳುತ್ತದೆ, ಗುಡ್ಡಗಳು ಹತ್ತಿರವಾಗುತ್ತವೆ, ಕುರಿಗಳು ಹೆಚ್ಚುತ್ತವೆ. ವೆಲ್ಶ್‌ಪೂಲ್ ಎಂಬ ಸಣ್ಣ ಸಂತೆಯೂರು ದಾಟಿದ ಮೇಲೆ ಜಿಂಕೆವನದ ನಡುವಿನ ದಾರಿ. ಅದರ ಕೊನೆಗೆ ಬಂಡೆಯ ಮೇಲೆ ಕೆಂಪು ಮರಳುಗಲ್ಲಿನ ಕೋಟೆ ನಿಂತಿದೆ. ವೆಲ್ಶ್ ಜನ ಅದನ್ನು ಕರೆಯುವುದೂ ಕೆಂಪು ಕೋಟೆ ಎಂದೇ. 13ನೇ ಶತಮಾನದಲ್ಲಿ ಪೋವಿಸ್ ಸೀಮೆಯ ವೆಲ್ಶ್ ದೊರೆ ಕಟ್ಟಿಸಿದ್ದು. 1587ರಲ್ಲಿ ಹರ್ಬರ್ಟ್ ಮನೆತನ ಅದನ್ನು ಕೊಂಡಿತು. ಕಾಳಗದ ಕೋಟೆ ನಿಧಾನವಾಗಿ ಬಾಳುವ ಮನೆಯಾಯಿತು.

ತೋಟವನ್ನೇ ಮೊದಲು ನೋಡಬೇಕು. ಕೋಟೆ ನಿಂತ ಬಂಡೆಯನ್ನು 17ನೇ ಶತಮಾನದ ಕೊನೆಯಲ್ಲಿ ಒಡೆದು, ಒಂದರ ಕೆಳಗೊಂದರಂತೆ ಉದ್ದನೆಯ ಅಂತಸ್ತುಗಳನ್ನು ಮಾಡಿದ್ದಾರೆ. ಇಟಲಿಯ ಮಾದರಿ ಅದು. ಮೇಲಿನ ಅಂತಸ್ತಿನ ಕಟಾಂಜನದ ಬಳಿ ನಿಂತರೆ ಕಾಲ ಕೆಳಗೆ ಹೂವಿನ ಪಾತಿಗಳು, ಅದರಾಚೆ ದೊಡ್ಡ ಹುಲ್ಲುಹಾಸು, ಅದರಾಚೆ ಸೆವರ್ನ್ ನದಿಯ ಕಣಿವೆ, ಕೊನೆಗೆ ಇಂಗ್ಲೆಂಡಿನ ಕಡೆಯ ಬೆಟ್ಟಸಾಲು. ಸೀಸದಲ್ಲಿ ಎರಕ ಹೊಯ್ದ ಕುರಿ ಕಾಯುವ ಹುಡುಗ ಹುಡುಗಿಯರು ಕಟಾಂಜನದ ಮೇಲೆ ಕುಣಿತದ ಭಂಗಿಯಲ್ಲಿ ನಿಂತಿದ್ದಾರೆ. ದಕ್ಷಿಣದ ಬಿಸಿಲಿಗೆ ಮುಖ ಮಾಡಿದ ಗೋಡೆಗಳಾದ್ದರಿಂದ ಈ ಚಳಿನಾಡಿನಲ್ಲಿ ಸುಲಭವಾಗಿ ಬದುಕದ ಗಿಡಗಳೂ ಇಲ್ಲಿ ಬದುಕುತ್ತವೆ. ಡೇಲಿಯಾ, ಸಾಲ್ವಿಯಾ, ಫ್ಯೂಷಿಯಾಗಳ ನಡುವೆ ಕಾಬಾಳೆಯನ್ನು ಕಂಡು ಅಮ್ಮ ನಿಂತುಬಿಟ್ಟಳು. ಗಂಜಾಂನಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಬೆಳೆಯುವ ಗಿಡಕ್ಕೆ ಇಲ್ಲಿ ಇಷ್ಟೊಂದು ಉಪಚಾರ. ಅವಳು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, "ಚೆನ್ನಾಗಿ ನೋಡ್ಕೊಂಡವ್ರೆ ಕಣೆ, ಒಂದು ಹುಳ ಕಡಿದಿಲ್ಲ" ಎಂದಳು.

ಇದೆಲ್ಲಕ್ಕಿಂತ ದೊಡ್ಡದು ಯೂ ಮರಗಳ ಸಾಲು. ನೆಟ್ಟಾಗ ಅವು ಅಚ್ಚುಕಟ್ಟಾಗಿ ಕತ್ತರಿಸಿದ ಸಣ್ಣ ಗೋಪುರಗಳಾಗಿದ್ದವು. ಕಾಲದ ಅಭಿರುಚಿ ಬದಲಾಗಿ, ಕತ್ತರಿ ನಿಂತು, ಮರಗಳು ಮನಸ್ಸಿಗೆ ಬಂದಂತೆ ಉಬ್ಬಿದವು. ಮತ್ತೆ ಕತ್ತರಿ ಹಿಡಿದವರು ಹಳೆಯ ಆಕಾರಕ್ಕೆ ತರುವ ಹಟ ಹಿಡಿಯದೆ ಉಬ್ಬಿದ ಆಕಾರವನ್ನೇ ನಯಗೊಳಿಸಿದರು. ಈಗ ಅವು ಮುನ್ನೂರು ವರ್ಷ ದಾಟಿದ ಕಡುಹಸಿರು ಮೋಡಗಳು. ಗೋಡೆಯ ಮೇಲಿಂದ ಮುಂದಕ್ಕೆ ಬಾಗಿ, ಕೆಳಗಿನ ಅಂತಸ್ತಿನವರೆಗೆ ಇಳಿಬಿದ್ದಿವೆ.

ಬೇಸಿಗೆಯ ಕೊನೆಗೆ ಸವರುವ ಕೆಲಸ ಶುರುವಾದರೆ ಶರತ್ಕಾಲದವರೆಗೂ ನಡೆಯುತ್ತದೆ. ಹಿಂದೆ ಉದ್ದುದ್ದ ಏಣಿ ಕಟ್ಟಿ, ಕೈಗತ್ತರಿಯಲ್ಲಿ ಮಾಡುತ್ತಿದ್ದರಂತೆ. ಈಗ ಯಂತ್ರದ ತೋಳಿನ ತುದಿಯ ತೊಟ್ಟಿಲಲ್ಲಿ ನಿಂತು ತೋಟಗಾರ ವಾರಗಟ್ಟಲೆ ಗಾಳಿಯಲ್ಲೇ ಇರುತ್ತಾನೆ. ನಾವು ಹೋದ ದಿನ ಪಾತಿಯೊಂದರಲ್ಲಿ ಬಾಡಿದ ಹೂ ಚಿವುಟುತ್ತಿದ್ದ ತೋಟಗಾರ್ತಿಯನ್ನು ಅಮ್ಮ ನನ್ನ ಮೂಲಕ ಕೇಳಿದಳು, ಕತ್ತರಿಸಿದ್ದು ಸಮವಾಯಿತೋ ಇಲ್ಲವೋ ಅಂತ ಮೇಲಿದ್ದವರಿಗೆ ಹೇಗೆ ಗೊತ್ತಾಗುತ್ತೆ? ಆಕೆ ಎದ್ದು ನಿಂತು, ಕೈಗವಸು ತೆಗೆದು, ಗಾಳಿಯಲ್ಲಿ ಅಂಗೈ ಬಳಸಿ ತೋರಿಸಿದಳು. ಹಳೇ ಕಡ್ಡಿಯ ತನಕ ಹೋಗಬೇಕು, ಅದನ್ನು ಮುಟ್ಟಬಾರದು. ಹೋದ ವರ್ಷದ ಮೈ ಎಲ್ಲಿತ್ತೆಂದು ಮರವೇ ಹೇಳುತ್ತದೆ. ಅಮ್ಮ ತಲೆಯಾಡಿಸಿದಳು. ಇಬ್ಬರ ನಡುವೆ ಒಂದೂ ಸಮಾನ ಮಾತಿರಲಿಲ್ಲ. ಆದರೂ ಅವರು ಕಾಲುಗಂಟೆ ಪಾತಿಯ ಪಕ್ಕದಲ್ಲೇ ಇದ್ದರು, ಗೊಬ್ಬರ ಯಾವುದು, ಚಳಿಗಾಲಕ್ಕೆ ಗೆಡ್ಡೆ ಕಿತ್ತಿಡುತ್ತೀರಾ ಎಂದೆಲ್ಲ ಮಾತಾಡುತ್ತ.

ಊಟ ಕೆಳಗಿನ ಹುಲ್ಲುಹಾಸಿನ ಮೇಲೆ. ಚಿತ್ರಾನ್ನ, ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿ. ಮಕ್ಕಳು ಇಳಿಜಾರಿನಲ್ಲಿ ಉರುಳಿದ್ದೇ ಉರುಳಿದ್ದು. ಮಂಡಿನೋವಿನ ಅಪ್ಪ ಮೆಟ್ಟಿಲಿಳಿಯದೆ ಸುತ್ತುದಾರಿಯಲ್ಲಿ ನಿಧಾನವಾಗಿ ಬಂದು ಸೇರಿಕೊಂಡರು. ಅಲ್ಲಿಂದ ತಲೆಯೆತ್ತಿ ನೋಡಿದಾಗ ಮನೆ, ಬಂಡೆ, ತೋಟ ಎಲ್ಲ ಒಂದೇ ಕಲ್ಲಿನಲ್ಲಿ ಕೆತ್ತಿದಂತೆ ಕಾಣುತ್ತದೆ. ಇಷ್ಟು ಚಂದದ ಜಾಗ ಕಟ್ಟಿದವರನ್ನೂ ಕಾಪಾಡಿದವರನ್ನೂ ಮೆಚ್ಚದೆ ಇರಲಾಗದು. 20ನೇ ಶತಮಾನದ ಆರಂಭದಲ್ಲಿ ಈ ತೋಟಕ್ಕೆ ಹೊಸ ಜೀವ ಕೊಟ್ಟವಳು ಆಗಿನ ಮನೆಯೊಡತಿ ವಯೊಲೆಟ್. ಹಿಂದೆ ತರಕಾರಿ ಬೆಳೆಯುತ್ತಿದ್ದ ಜಾಗದಲ್ಲಿ ಅವಳು ಮಾಡಿಸಿದ ತೋಟ, ಅದರ ಸೇಬಿನ ಮರಗಳು ಈಗಲೂ ಇವೆ. ಅವಳ ಗಂಡ, 4ನೆಯ ಅರ್ಲ್, 1952ರಲ್ಲಿ ತೀರಿಕೊಂಡಾಗ ಕೋಟೆ ಮತ್ತು ತೋಟ ಟ್ರಸ್ಟಿನ ಕೈಗೆ ಬಂದವು.

ಮನೆಯ ಒಳಗಿನದನ್ನು ಬೇಗ ಹೇಳಿ ಮುಗಿಸಬಹುದು. ಎಲಿಜಬೆತ್ ರಾಣಿಯ ಕಾಲದ ಉದ್ದನೆಯ ಪಡಸಾಲೆ, ಕಟಕಟೆಯ ಹಿಂದೆ ರಾಜಮಂಚವಿರುವ ಮಲಗುವ ಕೋಣೆ, ಗೋಡೆ ತುಂಬ ಮನೆತನದವರ ಚಿತ್ರಗಳು. ಅವುಗಳಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಒಂದು ಚಿತ್ರದ ಮುಂದೆ ಮಾತ್ರ ನಾನು ಎಲ್ಲರನ್ನೂ ನಿಲ್ಲಿಸುತ್ತೇನೆ. ಅದರಲ್ಲಿರುವವಳು ಹೆನ್ರಿಯೆಟಾ ಹರ್ಬರ್ಟ್. 1784ರಲ್ಲಿ ಆಕೆ ರಾಬರ್ಟ್ ಕ್ಲೈವನ ಮಗ ಎಡ್ವರ್ಡನನ್ನು ಮದುವೆಯಾದಳು. ಹರ್ಬರ್ಟರಿಗೆ ಹಳೆಯ ಹೆಸರಿತ್ತು, ಜೊತೆಗೆ ಸಾಲವಿತ್ತು. ಕ್ಲೈವರಿಗೆ ಬಂಗಾಳದ ಹಣವಿತ್ತು. ಪ್ಲಾಸಿಯ ನಂತರ ಮೀರ್ ಜಾಫರನಿಂದ ರಾಬರ್ಟ್ ಕ್ಲೈವನಿಗೆ ಸಂದದ್ದು 2,34,000 ಪೌಂಡ್, ಅದೂ ಆ ಕಾಲದ ಬೆಲೆಯಲ್ಲಿ. ಹೆನ್ರಿಯೆಟಾಳ ಅಣ್ಣ ಮದುವೆಯಾಗದೆ 1801ರಲ್ಲಿ ತೀರಿಕೊಂಡ. ಮುಂದೆ ಎಡ್ವರ್ಡ್ ಕ್ಲೈವನೇ ಅರ್ಲ್ ಆಫ್ ಪೋವಿಸ್ ಆದ. ಪಾಳುಬೀಳುವ ದಾರಿಯಲ್ಲಿದ್ದ ಮನೆ ಚೇತರಿಸಿಕೊಂಡಿತು. ನಾವು ಚಿತ್ರಾನ್ನ ತಿಂದ ಹುಲ್ಲುಹಾಸಿಗೂ ಮುರ್ಶಿದಾಬಾದಿನ ಖಜಾನೆಗೂ ಇರುವ ನಂಟು ಇದು.

ಶ್ರೀರಂಗಪಟ್ಟಣದ ನಂಟು ಇನ್ನೂ ಹತ್ತಿರದ್ದು. ಎಡ್ವರ್ಡ್ ಕ್ಲೈವ್ 1798ರಲ್ಲಿ ಮದ್ರಾಸಿನ ಗವರ್ನರಾಗಿ ಬಂದ. ಮಾರನೆಯ ವರ್ಷ ಮೇ 4ರಂದು ಕೋಟೆ ಒಡೆಯಿತು, ಟಿಪ್ಪು ಹತನಾದ. ಆ ರಾತ್ರಿ ಪಟ್ಟಣದಲ್ಲಿ ಲೂಟಿಯಾಗದೆ ಉಳಿದ ಮನೆ ಇಲ್ಲವೆಂದೇ ಹೇಳಬಹುದೆಂದು ಆರ್ಥರ್ ವೆಲ್ಲೆಸ್ಲಿ ಆಮೇಲೆ ತನ್ನ ಅಣ್ಣನಿಗೆ ಬರೆದ. ಬೆಳಗಾದ ಮೇಲೆ ಅವನೇ ಬಂದು ಗಲ್ಲು, ಛಡಿಯೇಟುಗಳಿಂದ ಸೈನಿಕರನ್ನು ಹದ್ದಿಗೆ ತಂದ. ನಂತರದ್ದು ಲೆಕ್ಕಾಚಾರದ ಲೂಟಿ. ಸೈನ್ಯಕ್ಕೆ ಪಾಲು ಹಂಚುವ ಸಮಿತಿ ಕೂತು ಸಿಂಹಾಸನವನ್ನೇ ತುಂಡು ಮಾಡಿತು. ಅದರ ಪೀಠದ ದೊಡ್ಡ ಹುಲಿಮುಖವೂ ಮೇಲಿದ್ದ ಹುಮಾ ಹಕ್ಕಿಯೂ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿದವು. ಸುತ್ತಿನ ಕಟಕಟೆಯ ಮೇಲೆ ಇದ್ದ 8 ಚಿಕ್ಕ ಚಿನ್ನದ ಹುಲಿತಲೆಗಳಲ್ಲಿ ಒಂದು ಪೋವಿಸಿನಲ್ಲಿದೆ.

1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನೂ ಆನಾ ತೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಮದ್ರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ ನೋಡಿ, ದಕ್ಷಿಣವನ್ನು ಸುತ್ತಿ ಬಂದಳು. ತಿಂಗಳುಗಟ್ಟಲೆಯ ಪಯಣ. ಗಿಡ, ಕಲ್ಲು, ಹರಳು, ಕಂಡದ್ದೆಲ್ಲ ಕೂಡಿಹಾಕುವ ಹವ್ಯಾಸ ಆಕೆಯದು. ಚಿಕ್ಕ ಮಗಳು ಷಾರ್ಲೆಟ್‌ಗೆ ಆಗ 12 ವರ್ಷ. ದಾರಿಯುದ್ದಕ್ಕೂ ದಿನಚರಿ ಬರೆದಳು. ಕೋಟೆ ಬಿದ್ದು ಒಂದೂಕಾಲು ವರ್ಷವಷ್ಟೇ ಕಳೆದ ಪಟ್ಟಣವನ್ನು ಆ ಹುಡುಗಿ ಕಂಡಳು. ಮುಂದೆ ಅವಳು ನಾರ್ತಂಬರ್‌ಲ್ಯಾಂಡಿನ ಡಚೆಸ್ ಆದಳು. 1831ರಿಂದ ವಿಕ್ಟೋರಿಯಾ ರಾಜಕುಮಾರಿಗೆ ಗವರ್ನೆಸ್ ಆಗಿದ್ದವಳೂ ಅವಳೇ. ಬೆಂಗಳೂರಿನ ಎಷ್ಟೋ ಮನೆಗಳ ಕುಂಡಗಳಲ್ಲಿ ಕಿತ್ತಳೆ ಬಣ್ಣದ ಗೊಂಚಲು ಬಿಡುವ ಕ್ಲೈವಿಯಾ ಗಿಡವಿದೆಯಲ್ಲ, ದಕ್ಷಿಣ ಆಫ್ರಿಕದ ಆ ಗಿಡಕ್ಕೆ 1828ರಲ್ಲಿ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಇಟ್ಟ ಹೆಸರು ಈ ಷಾರ್ಲೆಟ್ ಕ್ಲೈವಳದು. ಇದನ್ನು ಹೇಳಿದಾಗ ಅದೇ ವಯಸ್ಸಿನ ನನ್ನ ಮಗಳು ಚಿತ್ರದಲ್ಲಿದ್ದ ಹೆನ್ರಿಯೆಟಾಳನ್ನು ಬಿಟ್ಟು ಆ ಹುಡುಗಿಯ ಬಗ್ಗೆಯೇ ಕೇಳತೊಡಗಿದಳು. ಅವಳು ಏನು ತಿಂದಳು, ಆನೆ ಹತ್ತಿದಳಾ, ಟಿಪ್ಪುವಿನ ಮಕ್ಕಳನ್ನು ನೋಡಿದಳಾ ಎಂದು.

ಕ್ಲೈವ್ ಮ್ಯೂಸಿಯಂ ಕೋಟೆಯೊಳಗೇ ಇದೆ. 1987ರಲ್ಲಿ ತೆರೆದದ್ದು. ಭಾರತದಿಂದಲೂ ಪೂರ್ವ ದೇಶಗಳಿಂದಲೂ ಬಂದ ಮುನ್ನೂರಕ್ಕೂ ಹೆಚ್ಚು ವಸ್ತುಗಳಿವೆ. ಪ್ಲಾಸಿಯಲ್ಲಿ ಸಿರಾಜುದ್ದೌಲ ಬಿಟ್ಟು ಓಡಿದನೆನ್ನುವ ಪಲ್ಲಕ್ಕಿ, ಕತ್ತಿಗಳು, ದಂತದ ಕೆಲಸ, ಹುಕ್ಕಾ. ಬಟ್ಟೆಗಳಿಗೆ ಹಾನಿಯಾಗದಿರಲೆಂದು ಬೆಳಕು ಮಂದ. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಟಿಪ್ಪುವಿನ ಡೇರೆ ಕಾಣುತ್ತದೆ.

ಡೇರೆಯೆಂದರೆ ಗಡಸು ಕ್ಯಾನ್ವಾಸು ನೆನೆಸಿಕೊಂಡವರಿಗೆ ಅದು ಬೇರೆಯೇ ಲೋಕ. ಬಿಳಿ ಹತ್ತಿಬಟ್ಟೆಯ ಮೇಲೆ ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬಿದ ಛೀಟು. ಸಾಲು ಸಾಲು ಕಮಾನುಗಳು, ಪ್ರತಿ ಕಮಾನಿನಲ್ಲಿ ಒಂದು ಹೂದಾನಿ, ಅದರಿಂದ ಎರಡೂ ಕಡೆಗೆ ಸಮನಾಗಿ ಚಾಚಿದ ದಂಟು, ಕೆಂಪು ಹೂ, ಹಸಿರೆಲೆ. ಒಳಗೆ ನಿಂತವರಿಗೆ ತೋಟದಲ್ಲಿ ನಿಂತಂತೆ ಇರಬೇಕು ಎಂಬುದೇ ಅದನ್ನು ಮಾಡಿದವರ ಮನಸ್ಸಿನಲ್ಲಿದ್ದದ್ದು. ಟಿಪ್ಪುವಿಗಿಂತ ಮೊದಲೇ, 18ನೇ ಶತಮಾನದ ಮೊದಲರ್ಧದಲ್ಲಿ ತಯಾರಾದದ್ದೆಂದು ಬಲ್ಲವರ ಅಂದಾಜು. ಅಮ್ಮ ಹತ್ತಿರ ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿ ಒಂದು ಹೂದಾನಿಯನ್ನು ನೋಡಿದಳು. ಪಕ್ಕದ ಕಮಾನಿಗೆ ಸರಿದು ಅದರದನ್ನು ನೋಡಿದಳು. ಮತ್ತೆ ಮೊದಲನೆಯದಕ್ಕೆ ಬಂದಳು. "ಅಚ್ಚು ಒಂದೇ, ಕೈ ಬೇರೆ ಬೇರೆ. ಈ ಎಲೆ ತುಂಬಿದೋನು ನಿಧಾನಸ್ಥ, ಅದನ್ನ ತುಂಬಿದೋನಿಗೆ ಆತುರ" ಎಂದಳು. ದಂಡಿನ ಜೊತೆ ಎತ್ತಿನ ಬಂಡಿಗಳಲ್ಲಿ ಊರೂರು ಸುತ್ತಿದ ಬಟ್ಟೆಯಿದು. ಪೋವಿಸಿಗೆ ಬಂದ ಮೇಲೆ ಮನೆಯವರು ಇದನ್ನು ತೋಟದ ಸಮಾರಂಭಗಳಿಗೆ ಎತ್ತಿ ಕಟ್ಟುತ್ತಿದ್ದರು. ಅದರ ಕೆಳಗೆ ಚಹಾ ಕುಡಿದವರು ಕಮಾನಿನ ಹೂಗಳನ್ನೂ ಪಾತಿಯ ಹೂಗಳನ್ನೂ ಒಟ್ಟಿಗೇ ನೋಡಿರಬೇಕು.

ಹುಲಿಯ ತಲೆ ಗಾಜಿನ ಪೆಟ್ಟಿಗೆಯಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಚಿನ್ನದ ಮೈ, ಅದರ ತುಂಬ ಕೆಂಪು, ಪಚ್ಚೆ, ವಜ್ರ. ತೆರೆದ ಬಾಯಲ್ಲಿ ಸಾಲು ಹಲ್ಲು. ಇಷ್ಟು ಪುಟ್ಟ ಮುಖದಲ್ಲಿ ಅಷ್ಟು ರೋಷ ತುಂಬಿದ ಅಕ್ಕಸಾಲಿಗ ಯಾರೋ, ಅವನ ಹೆಸರು ಯಾವ ಫಲಕದಲ್ಲೂ ಇಲ್ಲ. ಮಗಳು ಬಹಳ ಹೊತ್ತು ನೋಡಿ, "ಅಜ್ಜಿ, ಇದನ್ನ ಅವ್ರು ಕೇಳಿ ತಗೊಂಡ್ರಾ?" ಎಂದಳು.

"ಕೇಳೋಕೆ ಯಾರಿದ್ರು ಮಗ? ಮನೆಯೋನೇ ಸತ್ತಿದ್ದ" ಎಂದಳು ಅಮ್ಮ.

ಟಿಪ್ಪುವಿನ ಹೆಸರೆತ್ತಿದರೆ ಇವತ್ತು ನಮ್ಮ ನಾಡಿನಲ್ಲಿ ಜಗಳವೇ ಆಗುತ್ತದೆ. ಅವನಿಂದ ನೊಂದವರ ನೆನಪುಗಳಿವೆ, ಅವನನ್ನು ಹಾಡಿ ಹೊಗಳುವವರೂ ಇದ್ದಾರೆ. ಆ ಜಗಳ ಎಲ್ಲಿಗೆ ಮುಟ್ಟಿದರೂ ಈ ತಲೆಯ ಮೇಲೆ ಶ್ರೀರಂಗಪಟ್ಟಣಕ್ಕಿರುವ ಹಕ್ಕು ಕಡಿಮೆಯಾಗುವುದಿಲ್ಲ. ಮೈಸೂರು ಸೀಮೆಯ ರೈತನ ಕಂದಾಯದಿಂದ ಬಂದ ಚಿನ್ನ ಅದು. 2021ರಲ್ಲಿ ಇದೇ ಸಿಂಹಾಸನದ ಇನ್ನೊಂದು ತಲೆ ಮಾರಾಟಕ್ಕೆ ಬಂದಾಗ, 15 ಲಕ್ಷ ಪೌಂಡ್ ಬೆಲೆಯ ಆ ವಸ್ತು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅದನ್ನು ಕೊಳ್ಳುವವರು ಬ್ರಿಟನ್ನಿನಲ್ಲೇ ಯಾರಾದರೂ ಸಿಗಲಿ ಎಂಬ ಆಶಯ. ಆ ಸುದ್ದಿ ಓದಿದ ದಿನ ನನಗೆ ತುಂಬ ನೋವಾಗಿತ್ತು. ದರಿಯಾ ದೌಲತ್ತಿಗೆ ಬರುವ ಶಾಲಾ ಮಕ್ಕಳಿಗೆ ಗೋಡೆಯ ಮೇಲಿನ ಪೊಳ್ಳಿಲೂರಿನ ಯುದ್ಧ ಕಾಣುತ್ತದೆ. ಸಿಂಹಾಸನದ ಒಂದು ಚೂರೂ ಕಾಣುವುದಿಲ್ಲ. ಅದನ್ನು ಕಣ್ಣಾರೆ ನೋಡಲು ವೀಸಾ ಬೇಕು, ವಿಮಾನದ ಟಿಕೆಟ್ಟು ಬೇಕು, ವೆಲ್ಶ್‌ಪೂಲಿನ ದಾರಿ ತೋರಿಸುವ ಮಗಳೊಬ್ಬಳು ಬೇಕು.

ನ್ಯಾಷನಲ್ ಟ್ರಸ್ಟ್ ಸುಮ್ಮನೆ ಕೂತಿಲ್ಲ, ಇದನ್ನೂ ಹೇಳಬೇಕು. 2020ರಲ್ಲಿ ತನ್ನ ಸುಪರ್ದಿನ 93 ಸ್ಥಳಗಳಿಗೆ ವಸಾಹತು ಮತ್ತು ಗುಲಾಮಗಿರಿಯ ಜೊತೆ ಇರುವ ನಂಟನ್ನು ವರದಿ ಮಾಡಿ ಬಹಿರಂಗಪಡಿಸಿತು. ಪೋವಿಸ್ ಅದರಲ್ಲಿದೆ. ಹಳೆಯ ಮನೆಗಳ ಚಂದ ನೋಡಲು ಬರುವವರಿಗೆ ಇದೆಲ್ಲ ಯಾಕೆ ಎಂದು ಗದ್ದಲ ಮಾಡಿದವರು ಬಹಳ ಮಂದಿ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಮಕ್ಕಳು ಯೂ ಮರದ ಕೆಳಗೆ ಆಡಿದ್ದೂ ನಿಜ, ಅಜ್ಜಿಯ ಊರಿನ ಲೂಟಿಯ ಮುಂದೆ ನಿಂತದ್ದೂ ನಿಜ. ಎರಡನ್ನೂ ಒಂದೇ ದಿನದಲ್ಲಿ ಕಾಣಬಲ್ಲಷ್ಟು ಅವರು ದೊಡ್ಡವರು. ವರದಿಯ ಮುಂದಿನ ಹೆಜ್ಜೆ ವಸ್ತುಗಳು ಪಯಣಿಸುವುದು. ಡೇರೆ 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಭಾರತೀಯ ಬಟ್ಟೆಗಳ ಪ್ರದರ್ಶನಕ್ಕೆ ಹೋಗಿ ಬಂದಿದೆ. ಅಷ್ಟು ದೊಡ್ಡ, ಅಷ್ಟು ನಾಜೂಕಿನ ಬಟ್ಟೆಯನ್ನು ಮಡಿಸಿ ಸಾಗಿಸುವುದು ಸಾಧ್ಯವಾದರೆ ಅಂಗೈಯಗಲದ ಹುಲಿತಲೆಯನ್ನು ಮೈಸೂರಿಗೆ ಕಳಿಸುವುದು ಕಷ್ಟವಲ್ಲ. ಕಡೇಪಕ್ಷ ಎರವಲಾಗಿ, ಒಂದು ದಸರೆಯ ಕಾಲಕ್ಕೆ. ಹಿಂದಿರುಗಿಸುವ ಮಾತು ಆಮೇಲೆ ಆಡೋಣ, ಆದರೆ ಆಡಲೇಬೇಕು. ಇಟ್ಟುಕೊಳ್ಳಲು ನಮ್ಮಲ್ಲಿ ಒಳ್ಳೆಯ ಜಾಗವಿದೆಯೇ ಎಂದು ಅವರು ಕೇಳುತ್ತಾರೆ, ಕೇಳುವುದು ಸರಿ. ಹದವಾದ ಬೆಳಕು, ತೇವಾಂಶದ ನಿಗಾ, ಕಾವಲು, ಇಷ್ಟನ್ನು ನಮ್ಮ ಕಡೆಯವರು ಮೊದಲು ಸಿದ್ಧಮಾಡಿಟ್ಟುಕೊಳ್ಳಬೇಕು. ಆಗ ನಮ್ಮ ಬೇಡಿಕೆಗೆ ತೂಕ ಬರುತ್ತದೆ.

ಹೊರಬರುವ ದಾರಿಯಲ್ಲಿ ಅಭಿಪ್ರಾಯ ಬರೆಯುವ ಚೀಟಿಗಳಿದ್ದವು. ಮೇಜಿನ ಹಿಂದೆ ಕೂತಿದ್ದ ಸ್ವಯಂಸೇವಕಿ, ಎಪ್ಪತ್ತು ದಾಟಿದ ಹೆಂಗಸು, ಅಮ್ಮನ ಕೈಗೂ ಒಂದು ಪೆನ್ಸಿಲ್ ಕೊಟ್ಟರು. ಯಾವ ಭಾಷೆಯಲ್ಲಾದರೂ ಬರೆಯಲಿ, ನಾವು ಓದಿಸುತ್ತೇವೆ ಎಂದರು. ಅಮ್ಮ ಕನ್ನಡಕ ಏರಿಸಿಕೊಂಡು ಬರೆದಳು: ತೋಟ ಬಹಳ ಚೆನ್ನಾಗಿದೆ. ಗಿಡ ನೋಡಿಕೊಳ್ಳುವ ಹೆಣ್ಣುಮಗಳಿಗೆ ಒಳ್ಳೆಯದಾಗಲಿ. ಹುಲಿಯ ತಲೆಯನ್ನು ನಮ್ಮೂರಿಗೆ ಒಮ್ಮೆ ಕಳಿಸಿಕೊಡಿ, ಅಲ್ಲಿಯ ಮಕ್ಕಳು ನೋಡಲಿ. ಕೆಳಗೆ ತನ್ನ ಹೆಸರು, ಗಂಜಾಂ, ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ. ಅಪ್ಪ ಚೀಟಿಯನ್ನು ತಿರುಗಿಸಿ ನೋಡಿ, ಪಿನ್ ಕೋಡ್ ಬಿಟ್ಟಿದ್ದೀಯಲ್ಲ ಎಂದು ತಾವೇ ಪೆನ್ಸಿಲ್ ತೆಗೆದುಕೊಂಡು 571438 ಎಂದು ಸೇರಿಸಿದರು.